ಕಾಯೋದಕ್ಕೂ ದುಡ್ಡು ಬೇಕು

ಜುಲೈ, ಆಗಸ್ಟ್ ಬಂತೆಂದರೆ ಊರ ಕಡೆಯಿಂದ ನನಗೆ ಮೆಸೇಜ್‌ಗಳು ಶುರುವಾಗುತ್ತವೆ. "ಅಕ್ಕಾ, ಐಬಿಪಿಎಸ್ ಫಾರ್ಮ್ ಬಿಟ್ಟಾರಂತ, ಹಾಕಲೇನು?" "ಅಕ್ಕಾ, ಬಿ.ಎ. ಆದವ್ರಿಗೆ ಆಗ್ತದೇನು?" "ಅಕ್ಕಾ, ಯಾವ ಬುಕ್ ತಗೊಳ್ಲಿ?" ಕೇಳುವವರಲ್ಲಿ ಮುಕ್ಕಾಲು ಪಾಲು ಜನರ ಮುಖ ನಾನು ನೋಡಿಲ್ಲ. ಬ್ಯಾಡಗಿ ಪೇಟೆಯಲ್ಲಿ ನಮ್ಮಪ್ಪನನ್ನು ಬಲ್ಲವರ ಮಕ್ಕಳು, ಆ ಮಕ್ಕಳ ಗೆಳತಿಯರು. ದಲಾಲಿ ಅಂಗಡಿ ಗುಮಾಸ್ತರ ಮಗಳು ಬ್ಯಾಂಕಿನಲ್ಲಿ ಆಫೀಸರ್ ಆದಳು ಅನ್ನೋ ಸುದ್ದಿ ಅಲ್ಲಿ ಇನ್ನೂ ಓಡಾಡುತ್ತಿದೆ.

ಎಲ್ಲರಿಗೂ ಉತ್ತರ ಕೊಡುತ್ತೇನೆ. ಆದರೆ ಬುಕ್ಕಿನ ಹೆಸರು ಹೇಳೋಕೆ ಮುಂಚೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿ ಎಷ್ಟು ದಿನ ಓದಲು ಬಿಡುತ್ತಾರೆ? ಕೆಲವರಿಗೆ ಇದು ಬೇಜಾರಾಗುತ್ತದೆ. ಒಬ್ಬಳಂತೂ "ನಾನು ಕೇಳಿದ್ದು ಸಿಲಬಸ್ ಅಕ್ಕಾ" ಅಂತ ಬರೆದಿದ್ದಳು. ಯಾಕೆ ಹಾಗೆ ಕೇಳುತ್ತೇನೆ ಅಂತ ಒಂದು ಸಲ ಪೂರ್ತಿ ಬರೆದುಬಿಡೋಣ ಅನ್ನಿಸಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನೋಟಿಫಿಕೇಶನ್‌ನಲ್ಲಿ ಬ್ಯಾಂಕ್ ಆಫೀಸರ್ ಹುದ್ದೆಯ ಹೆಸರು 'ಪ್ರೊಬೇಷನರಿ ಆಫೀಸರ್ / ಮ್ಯಾನೇಜ್‌ಮೆಂಟ್ ಟ್ರೈನಿ' ಅಂತ ಇರುತ್ತದೆ. ಬಾಯಲ್ಲಿ ಎಲ್ಲರಿಗೂ ಅದು ಪಿ.ಒ. ಮೊದಲು ಬ್ಯಾಂಕುಗಳು ತಂತಮ್ಮ ಪರೀಕ್ಷೆ ಮಾಡಿಕೊಳ್ಳುತ್ತಿದ್ದವು. 2011ರಿಂದ ಸರ್ಕಾರಿ ಬ್ಯಾಂಕುಗಳಿಗೆಲ್ಲ ಸೇರಿ ಮುಂಬೈನ ಐಬಿಪಿಎಸ್ ಅನ್ನೋ ನೇಮಕಾತಿ ಸಂಸ್ಥೆ ಒಂದೇ ಪರೀಕ್ಷೆ ನಡೆಸುತ್ತದೆ. ಸ್ಟೇಟ್ ಬ್ಯಾಂಕಿನದು ಮಾತ್ರ ಬೇರೆ. ಯಾವ ಡಿಗ್ರಿ ಆದರೂ ನಡೆಯುತ್ತದೆ. ವಯಸ್ಸು 20ರಿಂದ 30. ಒಬಿಸಿಯವರಿಗೆ ಮೂರು ವರ್ಷ, ಎಸ್‌ಸಿ, ಎಸ್‌ಟಿಯವರಿಗೆ ಐದು ವರ್ಷ ಸಡಿಲಿಕೆ. ಪ್ರಿಲಿಮ್ಸ್, ಮೇನ್ಸ್, ಇಂಟರ್‌ವ್ಯೂ ಅಂತ ಮೂರು ಹಂತ. ನಾವು ಬರೆದ ಕಾಲಕ್ಕೆ ಆಗಸ್ಟಿನಲ್ಲಿ ಅರ್ಜಿ ಹಾಕಿದರೆ ಬ್ಯಾಂಕಿನ ಹೆಸರು ಗೊತ್ತಾಗುತ್ತಿದ್ದದ್ದು ಮುಂದಿನ ಏಪ್ರಿಲ್‌ನಲ್ಲಿ. ಎಲ್ಲವೂ ಸರಿಯಾಗಿ ನಡೆದರೂ ಎಂಟು ತಿಂಗಳು. ಎಲ್ಲೋ ಒಂದು ಕಡೆ ಕಾಲು ಮಾರ್ಕು ಕಡಿಮೆ ಬಿದ್ದರೆ ಮತ್ತೆ ಮೊದಲಿನಿಂದ.

ನಾನು ಓದಿದ್ದು ಧಾರವಾಡದಲ್ಲಿ. ಬಿ.ಕಾಂ. ಮುಗಿದ ಮೇಲೆ ಅಪ್ಪ "ನೋಡವಾ, ಒಂದು ವರ್ಷ ಓದು, ಆಮ್ಯಾಲೆ ನೋಡೂಣು" ಅಂದಿದ್ದರು. ಆ 'ಆಮ್ಯಾಲೆ' ಅಂದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಿದ್ದ ಅಣ್ಣ ತಿಂಗಳ ಖರ್ಚಿಗೆ ದುಡ್ಡು ಹಾಕುತ್ತೇನೆ ಅಂದ. ಸಪ್ತಾಪುರದ ಒಂದು ಪಿ.ಜಿ.ಯಲ್ಲಿ ಊಟ ಸೇರಿ ನಾಲ್ಕು ಸಾವಿರದ ಆಸುಪಾಸು. ಕೋಚಿಂಗ್ ಫೀ ಬೇರೆ, ಆನ್‌ಲೈನ್ ಟೆಸ್ಟ್ ಸೀರೀಸ್ ಬೇರೆ. ಆಗ ಅರ್ಜಿ ಫೀ 600 ರೂಪಾಯಿ ಇತ್ತು, ಮರುವರ್ಷ 850 ಆಯಿತು. ಪಿ.ಒ. ಒಂದಕ್ಕೇ ಅಲ್ವಲ್ಲ, ಕ್ಲರ್ಕ್, ಗ್ರಾಮೀಣ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಎಲ್ಲಕ್ಕೂ ಹಾಕಬೇಕು. ಪರೀಕ್ಷೆ ಸೆಂಟರ್ ಹುಬ್ಬಳ್ಳಿಗೆ ಬಿದ್ದರೆ ಪುಣ್ಯ. ಬೆಳಗಾವಿಗೋ ದಾವಣಗೆರೆಗೋ ಬಿದ್ದರೆ ಜೊತೆಗೆ ಒಬ್ಬರು ಬರಬೇಕು, ಅಂದರೆ ಅಪ್ಪನ ಒಂದು ದಿನದ ರಜೆ.

ಧಾರವಾಡದ ಆ ಓಣಿಗಳನ್ನು ನೋಡಿದವರಿಗೆ ಗೊತ್ತು. ಮನೆಗೊಂದು ಪಿ.ಜಿ., ಮೂಲೆಗೊಂದು ಕೋಚಿಂಗ್ ಸೆಂಟರ್, ಗೋಡೆ ತುಂಬ ಪಾಸಾದವರ ಫೋಟೋ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುವವರೇ ಜಾಸ್ತಿ. ಬ್ಯಾಂಕಿನವರು ಅವರ ನಡುವೆ ಬೇರೆ ಜಾತಿ. ಅವರು ಇತಿಹಾಸ, ಸಂವಿಧಾನ ಬಾಯಿಪಾಠ ಮಾಡುತ್ತಿದ್ದರೆ ನಾವು ದುಂಡು ಮೇಜಿನ ಸುತ್ತ ಎಂಟು ಜನರನ್ನು ಕೂರಿಸುತ್ತಿದ್ದೆವು. ಬೆಳಿಗ್ಗೆ ಆರಕ್ಕೆ ರೀಡಿಂಗ್ ರೂಮಿನ ಮುಂದೆ ಚಪ್ಪಲಿಗಳ ರಾಶಿ. ಪ್ಲೈವುಡ್ ತಡಿಕೆ ಹಾಕಿದ ಒಂದೊಂದು ಕ್ಯಾಬಿನ್, ಒಂದು ಟ್ಯೂಬ್‌ಲೈಟು, ಒಂದು ಚಾರ್ಜಿಂಗ್ ಪಾಯಿಂಟು. ಹುಡುಗರು ರಾತ್ರಿಯಿಡೀ ಅಲ್ಲೇ ಇರುತ್ತಿದ್ದರು. ನಮ್ಮ ಪಿ.ಜಿ. ಗೇಟಿಗೆ ಎಂಟೂವರೆಗೆ ಬೀಗ. ಆಮೇಲೆ ಮೂರು ಜನರ ರೂಮಿನಲ್ಲಿ ಒಬ್ಬರು ಮಲಗಬೇಕು, ಒಬ್ಬರು ಫೋನಿನಲ್ಲಿ, ಇನ್ನೊಬ್ಬರು ಓದಬೇಕು. ಪರೀಕ್ಷೆಯಲ್ಲಿ ಹುಡುಗ ಹುಡುಗಿ ಅಂತ ಭೇದ ಇಲ್ಲ, ನಿಜ. ಅದಕ್ಕೆ ಮುಂಚಿನ ರಾತ್ರಿಗಳಲ್ಲಿ ಇತ್ತು.

ಪ್ರಿಲಿಮ್ಸ್ ಅಂದರೆ ನೂರು ಪ್ರಶ್ನೆ, ಒಂದು ತಾಸು. ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35. ಒಂದೊಂದಕ್ಕೆ ಇಪ್ಪತ್ತೇ ನಿಮಿಷ, ಅದು ಮುಗಿದ ತಕ್ಷಣ ಸ್ಕ್ರೀನ್ ತಾನೇ ಮುಂದಕ್ಕೆ ಹೋಗುತ್ತದೆ. ಒಂದು ತಪ್ಪಿಗೆ ಆ ಪ್ರಶ್ನೆಯ ಮಾರ್ಕಿನ ಕಾಲು ಭಾಗ ಕಟ್. ಒಂದೊಂದು ಪ್ರಶ್ನೆಗೆ 36 ಸೆಕೆಂಡ್ ಅಂತ ಲೆಕ್ಕ ಹಾಕಬಹುದು, ಆದರೆ ಹಾಗೆ ಯಾರೂ ಬರೆಯುವುದಿಲ್ಲ. ಪರದೆ ಮೇಲೆ ಪ್ರಶ್ನೆ ಬಂದಾಗ ಇದನ್ನು ಹಿಡಿಯಬೇಕಾ ಬಿಡಬೇಕಾ ಅಂತ ನಾಲ್ಕೈದು ಸೆಕೆಂಡಿನಲ್ಲಿ ಗೊತ್ತಾಗಬೇಕು. "ಎಂಟು ಜನ ದುಂಡು ಮೇಜಿನ ಸುತ್ತ ಕೂತಿದ್ದಾರೆ, ಕೆಲವರ ಮುಖ ಒಳಕ್ಕೆ, ಕೆಲವರದು ಹೊರಕ್ಕೆ. ಪಿ ಯ ಎಡಕ್ಕೆ ಮೂರನೆಯವನು ಕ್ಯೂ, ಕ್ಯೂ ಮತ್ತು ಆರ್ ಒಂದೇ ದಿಕ್ಕಿಗೆ ನೋಡುತ್ತಿಲ್ಲ..." ಇಂಥದ್ದೊಂದು ಪಜಲ್‌ಗೆ ಐದು ಪ್ರಶ್ನೆ. ಕೂಡಿದರೆ ಐದೂ ನಮ್ಮವು, ಕೂಡದಿದ್ದರೆ ಐದಾರು ನಿಮಿಷ ನೀರಿಗೆ. ಅರ್ಧ ಬಿಡಿಸಿದ ಪಜಲ್ ಕೈಬಿಟ್ಟು ಮುಂದಕ್ಕೆ ಹೋಗೋದಿದೆಯಲ್ಲ, ಅದನ್ನು ಯಾವ ಬುಕ್ಕೂ ಕಲಿಸುವುದಿಲ್ಲ. ಶಾಲೆಯಲ್ಲಿ ಹದಿನೈದು ವರ್ಷ ನಮಗೆ ಕಲಿಸಿದ್ದೇ ಶುರು ಮಾಡಿದ್ದನ್ನು ಮುಗಿಸು ಅಂತ.

ಈ ಕಲೆಯಲ್ಲಿ ನಮ್ಮ ರೂಮಿನ ಗದಗದ ಅಕ್ಕನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಪಿ.ಜಿ.ಯಲ್ಲಿ ಹೆಸರಿಗಿಂತ ಊರೇ ಮೊದಲು, ಹಾಗಾಗಿ ಆಕೆ ಗದಗದ ಅಕ್ಕ, ನಾನು ಬ್ಯಾಡಗಿ. ನನಗಿಂತ ಮುಂಚೆ ಬಂದವಳು. ಡೇಟಾ ಇಂಟರ್‌ಪ್ರಿಟೇಶನ್ (ಡಿ.ಐ.), ಅಂದರೆ ಟೇಬಲ್ ನೋಡಿ ಲೆಕ್ಕ ಹಾಕುವ ಪ್ರಶ್ನೆ, ಬಂದರೆ ಪೆನ್ ಕೆಳಗಿಡುತ್ತಿದ್ದಳು. ಐದು ಕಂಪನಿಗಳ ನಾಲ್ಕು ವರ್ಷದ ಮಾರಾಟದ ಟೇಬಲ್ ನೋಡಿ, "ಇದು 37 ಪರ್ಸೆಂಟ್ ಹತ್ರ ಬರ್ತೈತಿ, ಆಪ್ಶನ್ ಬಿ" ಅನ್ನುತ್ತಿದ್ದಳು. ನಾವು ಗುಣಿಸಿ ಭಾಗಿಸಿ ಬರುವ ಹೊತ್ತಿಗೆ ಆಕೆ ಮುಂದಿನ ಸೆಟ್‌ನಲ್ಲಿ. ಪಜಲ್‌ಗಳನ್ನು ಹಳೆ ಲಗ್ನಪತ್ರಿಕೆಗಳ ಹಿಂಭಾಗದಲ್ಲಿ ಬಿಡಿಸುತ್ತಿದ್ದಳು. ದಪ್ಪ ಕಾಗದ, ಒಂದು ಕಡೆ ಖಾಲಿ, ಮಡಚಿ ಚೀಲದಲ್ಲಿ ಇಟ್ಟುಕೊಳ್ಳಬಹುದು. ಅವರ ಮನೆಗೆ ಬಂದ ಪತ್ರಿಕೆಗಳನ್ನೆಲ್ಲ ಕಟ್ಟಿ ತಂದಿಟ್ಟಿದ್ದಳು. ಒಂದು ಕಡೆ ಯಾರದೋ ಅಕ್ಷತಾರೋಪಣ, ತಿರುಗಿಸಿದರೆ ಎಂಟು ಜನರ ದುಂಡು ಮೇಜು.

ಮೇನ್ಸ್ ಬೇರೆಯೇ ಲೋಕ. ನಾವು ಬರೆದ ಕಾಲಕ್ಕೆ ಮೂರು ತಾಸು, 155 ಪ್ರಶ್ನೆ, 200 ಮಾರ್ಕು. ಅದರ ಮೇಲೆ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ, ಒಂದು ಪತ್ರ, ಅದಕ್ಕೆ 25 ಮಾರ್ಕು. ಅದನ್ನೂ ಕೀಬೋರ್ಡಿನಲ್ಲೇ ಟೈಪ್ ಮಾಡಬೇಕು. ಕನ್ನಡ ಮೀಡಿಯಂನಲ್ಲಿ ಓದಿ, ಕಾಲೇಜಿನ ಲ್ಯಾಬಿನಲ್ಲಿ ವಾರಕ್ಕೊಂದು ಸಲ ಕಂಪ್ಯೂಟರ್ ಮುಟ್ಟಿದವರಿಗೆ ಅಕ್ಷರ ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಪಿ.ಒ. ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಿಂದಿಯ ಹುಡುಗನಿಗೆ ಗಣಿತ, ರೀಸನಿಂಗ್ ಎರಡೂ ತಾಯಿಭಾಷೆಯಲ್ಲಿ ಬರುತ್ತವೆ. ನಮ್ಮ ಹುಡುಗಿಗೆ ಪಜಲ್ ಬಿಡಿಸುವ ಮೊದಲು ಅದರ ಇಂಗ್ಲಿಷ್ ಬಿಡಿಸಬೇಕು. ಇಪ್ಪತ್ತು ನಿಮಿಷದಲ್ಲಿ ಎರಡು ನಿಮಿಷ ಅದಕ್ಕೇ ಹೋದರೆ ಎರಡು ಮೂರು ಮಾರ್ಕು ಹೋದ ಹಾಗೆ, ಮತ್ತು ಇಲ್ಲಿ ಎರಡು ಮಾರ್ಕಿನ ಅಂತರದಲ್ಲಿ ಸಾವಿರಾರು ಜನ ಇರುತ್ತಾರೆ. ಇದನ್ನು ನಾನು ಅಳುಮುಂಜಿತನ ಅಂತ ಒಪ್ಪೋದಿಲ್ಲ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುತ್ತೇವೆ ಅಂತ 2019ರಲ್ಲಿ ಹಣಕಾಸು ಸಚಿವೆ ಸಂಸತ್ತಿನಲ್ಲೇ ಹೇಳಿದರು. 2021ರಲ್ಲಿ ಕ್ಲರ್ಕ್ ಪರೀಕ್ಷೆಗೂ ಹಾಗೇ ನಿರ್ಧಾರವಾಯಿತು. ಕೌಂಟರ್‌ನಲ್ಲಿ ಕೂರುವವರಿಗೆ ಕನ್ನಡ ಸಾಕು ಅಂತಾದರೆ, ಒಳಗಿನ ಕ್ಯಾಬಿನ್ನಿನಲ್ಲಿ ಕೂತು ರೈತನಿಗೆ ಸಾಲ ಕೊಡುವವರ ಪಜಲ್ಲು ಯಾಕೆ ಕನ್ನಡದಲ್ಲಿ ಇರಬಾರದು?

ಆದರೂ ಈ ಪರೀಕ್ಷೆಯನ್ನು ನಾನು ಬಿಟ್ಟುಕೊಡೋದಿಲ್ಲ. ಅಪ್ಪ ಪ್ರತಿ ಸಲ ಫೋನ್ ಮಾಡಿದಾಗಲೂ "ಯಾರನ್ನರ ಕಾಣಬೇಕೇನವಾ?" ಅಂತ ಕೇಳುತ್ತಿದ್ದರು. ಅವರ ಅನುಭವದಲ್ಲಿ ಯಾರನ್ನೂ ಕಾಣದೆ ಆದ ಸರ್ಕಾರಿ ಕೆಲಸ ಒಂದೂ ಇಲ್ಲ. ಯಾರನ್ನೂ ಕಾಣೋದು ಬೇಡಪ್ಪಾ, ಎಲ್ಲ ಕಂಪ್ಯೂಟರೇ ಅಂದರೆ ನಂಬುತ್ತಿರಲಿಲ್ಲ. ಸೆಂಟರ್ ಬಾಗಿಲಲ್ಲಿ ಬೆರಳಚ್ಚು, ಫೋಟೋ. ಒಳಗೆ ನಂಬರ್ ಹಾಕಿದ ಕುರ್ಚಿ, ಒಂದು ರಫ್ ಶೀಟು. ನೀನು ಯಾರ ಮಗಳು ಅಂತ ಆ ಮಷೀನಿಗೆ ಗೊತ್ತಿಲ್ಲ. ನಮ್ಮಂಥ ಮನೆಯಿಂದ ಬಂದವರಿಗೆ ಅದು ಸಣ್ಣ ಮರ್ಯಾದೆಯಲ್ಲ.

ನಾನು ಬರೆದ 2019ರ ಸುತ್ತಿಗೆ 4,336 ಹುದ್ದೆ ಕರೆದಿದ್ದರು. ಅರ್ಜಿ ಹಾಕುವ ದಿನಗಳು ಮುಗಿದ ಮೇಲೆ, ಆಗಸ್ಟ್ 30ಕ್ಕೆ, ಹತ್ತು ಸರ್ಕಾರಿ ಬ್ಯಾಂಕುಗಳನ್ನು ಸೇರಿಸಿ ನಾಲ್ಕು ಮಾಡುತ್ತೇವೆ ಅಂತ ನಿರ್ಮಲಾ ಸೀತಾರಾಮನ್ ಘೋಷಿಸಿದರು. ಪಿ.ಜಿ. ಹಾಲಿನಲ್ಲಿ ಅವತ್ತು ಟಿ.ವಿ. ಮುಂದೆ ಎಲ್ಲರೂ ಇದ್ದರು. ಸಿಂಡಿಕೇಟ್ ಹೋಗಿ ಕೆನರಾ ಸೇರುತ್ತದೆ, ಕಾರ್ಪೊರೇಷನ್ ಹೋಗಿ ಯೂನಿಯನ್ ಬ್ಯಾಂಕ್ ಸೇರುತ್ತದೆ. ವಿಜಯಾ ಬ್ಯಾಂಕ್ ಅದೇ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾ ಪಾಲಾಗಿತ್ತು. ಅದಕ್ಕೆ ಎರಡು ವರ್ಷ ಮುಂಚೆ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನೊಳಗೆ ಕರಗಿತ್ತು. ಪಿ.ಒ. ಬರೆಯುವವರು ಯಾವ ಬ್ಯಾಂಕು ಮೊದಲು, ಯಾವುದು ಆಮೇಲೆ ಅಂತ ಆದ್ಯತೆಯ ಪಟ್ಟಿ ಕೊಡಬೇಕು. ನಮ್ಮ ಕಡೆಯವರು ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಅಂತ ಕಣ್ಣು ಮುಚ್ಚಿ ಬರೆಯುತ್ತಿದ್ದರು. ಊರ ಹತ್ತಿರ ಪೋಸ್ಟಿಂಗ್ ಸಿಗುವ ಆಸೆ, ಅಷ್ಟೇ. ಅವಿಭಜಿತ ದಕ್ಷಿಣ ಕನ್ನಡ ಒಂದೇ ಜಿಲ್ಲೆಯಲ್ಲಿ 1906ರಿಂದ 1931ರೊಳಗೆ ಹುಟ್ಟಿದ ಈ ನಾಲ್ಕರಲ್ಲಿ ಪಟ್ಟಿಯಲ್ಲಿ ಉಳಿದದ್ದು ಕೆನರಾ ಒಂದು. ಗದಗದ ಅಕ್ಕ ಮಾತ್ರ ತಲೆ ಎತ್ತದೆ, "ಬ್ಯಾಂಕ್ ಕಮ್ಮಿ ಆದ್ರ ಪೋಸ್ಟೂ ಕಮ್ಮಿ ಆಗ್ತಾವು, ಓದ್ರಿ ಸುಮ್ನ" ಅಂದಳು.

ಅರ್ಜಿ ತುಂಬುವುದೇ ಒಂದು ಪರೀಕ್ಷೆ. ಫೋಟೋ, ಸಹಿ, ಎಡಗೈ ಹೆಬ್ಬೆಟ್ಟು, ಆಮೇಲೆ ಬಿಳಿ ಹಾಳೆಯ ಮೇಲೆ ನಮ್ಮ ಕೈಬರಹದಲ್ಲೇ ಇಂಗ್ಲಿಷಿನ ಒಂದು ಘೋಷಣೆ. ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಬರೆದರೆ ನಡೆಯಲ್ಲ. ಅದಕ್ಕಿಂತ ದೊಡ್ಡ ತಲೆನೋವು ಒಬಿಸಿ ಸರ್ಟಿಫಿಕೇಟು. ರಾಜ್ಯದಲ್ಲಿ ನಾವು 2ಎ. ಶಾಲೆಯಿಂದ ಇಟ್ಟುಕೊಂಡ ಆ ಸರ್ಟಿಫಿಕೇಟು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೇಂದ್ರದ ನಮೂನೆಯೇ ಬೇಕು. ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇರಬೇಕು, ಅಲ್ಲಿರುವ ಸ್ಪೆಲಿಂಗೇ ಇರಬೇಕು. ಕೆನೆಪದರಕ್ಕೆ ಸೇರಿಲ್ಲ ಅನ್ನೋ ವಾಕ್ಯ ಬೇಕು. 2017ರಿಂದ ಅದರ ಆದಾಯ ಮಿತಿ ವರ್ಷಕ್ಕೆ ಎಂಟು ಲಕ್ಷ. ಮೇನ್ಸ್ ಪಾಸಾದ ಮೇಲೆ ಓಡಾಡಿದರೆ ಆಯಿತು ಅಂತ ಇಟ್ಟುಕೊಂಡವರು ಇಂಟರ್‌ವ್ಯೂ ಹಿಂದಿನ ದಿನದವರೆಗೂ ತಾಲೂಕು ಕಚೇರಿಯ ಬೆಂಚಿನ ಮೇಲಿರುತ್ತಾರೆ. ನಮ್ಮ ಕಡೆಯ ಕೇಸ್ ವರ್ಕರ್ ಒಬ್ಬರು ಅಪ್ಪನಿಗೆ "ಇಂಥಾ ಫಾರ್ಮೇ ಇಲ್ಲ" ಅಂತ ಎರಡು ಸಲ ವಾಪಸ್ ಕಳಿಸಿದರು. ಕೊನೆಗೆ ನಮೂನೆಯನ್ನು ನಾನೇ ಪ್ರಿಂಟ್ ತೆಗೆದು, ತುಂಬಿ, ಎಲ್ಲಿ ಸೀಲ್ ಹಾಕಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿ ಕಳಿಸಿದೆ. ಅಪ್ಪ ಅದನ್ನು ಹಿಡಿದುಕೊಂಡು ಸಂತೆ ದಿನ ಬಿಟ್ಟು ಬೇರೆ ದಿನ ಹೋದರು. ಅವರಿಗೆ ಕಡೆಗೂ 'ಕಾಣಲು' ಒಬ್ಬರು ಸಿಕ್ಕ ಹಾಗಾಯಿತು.

ಇಂಟರ್‌ವ್ಯೂ ಬೆಂಗಳೂರಿನಲ್ಲಿ. ನೂರು ಮಾರ್ಕು, ಆದರೆ ಕೊನೆಯ ಲೆಕ್ಕದಲ್ಲಿ ಮೇನ್ಸ್‌ಗೆ 80, ಇದಕ್ಕೆ 20. ಆ ಇಪ್ಪತ್ತೇ ಕಾಲೆಳೆಯುತ್ತದೆ. ಮೇಜಿನ ಆಚೆ ಐದು ಜನ. ರೆಪೊ ದರ, ಎನ್‌ಪಿಎ (ವಸೂಲಾಗದ ಸಾಲ) ಅಂದರೆ ಎಷ್ಟು ದಿನ, ಚೆಕ್ ಬೌನ್ಸ್ ಆದರೆ ಯಾವ ಸೆಕ್ಷನ್, ಆದ್ಯತಾ ವಲಯಕ್ಕೆ ಎಷ್ಟು ಶೇಕಡಾ ಸಾಲ. 90 ದಿನ, 138, 40, ಇವೆಲ್ಲ ನಿದ್ದೆಯಲ್ಲೂ ಹೇಳುವಷ್ಟು ಉರು ಹೊಡೆದಿದ್ದೆವು. ಅಷ್ಟರಲ್ಲಿ ಒಬ್ಬರು ನನ್ನ ವಿಳಾಸ ನೋಡಿ, "ಬ್ಯಾಡಗಿ? ಮೆಣಸಿನಕಾಯಿ? ಅದು ಅಷ್ಟು ಕೆಂಪಗಿದ್ದೂ ಖಾರ ಯಾಕಿಲ್ಲ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ಆಮೇಲಿನ ಹತ್ತು ನಿಮಿಷ ನನ್ನದು. ಡಬ್ಬಿ, ಕಡ್ಡಿ ಅಂತ ಎರಡು ಬಗೆ, ಸೋಮವಾರ ಗುರುವಾರದ ಮಾರುಕಟ್ಟೆ, ಬಣ್ಣ ತೆಗೆಯುವ ಕಾರ್ಖಾನೆಗಳು, ಜನವರಿಯಿಂದ ಮಾರ್ಚ್ ತನಕ ಆವಕ ಜಾಸ್ತಿಯಾಗಿ ದರ ಬೀಳುವುದು, ಆಗ ರೈತರು ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕುವುದು. "ಅದರ ಮೇಲೆ ನೀವು ಸಾಲ ಕೊಡ್ತೀರಾ?" ಅಂದರು. ಗೋದಾಮಿನ ರಸೀದಿ ಅಡ ಇಟ್ಟುಕೊಂಡು ಕೊಡಬಹುದು ಅಂದೆ. ದರ ಇನ್ನೂ ಬಿದ್ದರೆ? ಪೂರ್ತಿ ಬೆಲೆಗೆ ಕೊಡಬಾರದು, ಮಾರ್ಜಿನ್ ಇಟ್ಟುಕೊಳ್ಳಬೇಕು, ಮೇಲಿಂದ ಮೇಲೆ ದರ ನೋಡುತ್ತಿರಬೇಕು ಅಂದೆ. ಇದು ಯಾವ ಕೋಚಿಂಗಿನದೂ ಅಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಂಗಡಿಯ ಲೆಕ್ಕ ಮಾತಾಡುತ್ತಿದ್ದದ್ದು.

ಕೊನೆಗೆ ಒಬ್ಬರು ಮದುವೆಯ ಬಗ್ಗೆ ಕೇಳಿದರು. ದೂರದ ರಾಜ್ಯಕ್ಕೆ ಹಾಕಿದರೆ ಮನೆಯವರು ಕಳಿಸುತ್ತಾರಾ ಅಂತ. ಕಳಿಸುತ್ತಾರೆ ಸರ್ ಅಂದೆ. ಹೊರಗೆ ಕೂತಿದ್ದ ಹುಡುಗರನ್ನು ಕೇಳಿದೆ, ಆ ಪ್ರಶ್ನೆ ಅವರಲ್ಲಿ ಯಾರಿಗೂ ಬಂದಿರಲಿಲ್ಲ.

ನನಗೆ ಬ್ಯಾಂಕ್ ಸಿಕ್ಕಿತು. ಲಾಕ್‌ಡೌನ್‌ನಿಂದಾಗಿ ಸೇರುವುದು ತಡವಾಯಿತು, ಆ ತಿಂಗಳುಗಳನ್ನೂ ಅಣ್ಣನೇ ನಡೆಸಿದ, ಅದೂ ಕ್ಯಾಬ್ ನಿಂತಿದ್ದ ಕಾಲದಲ್ಲಿ. ಮೊದಲ ಪೋಸ್ಟಿಂಗ್ ವಿದರ್ಭದಲ್ಲಿ. ಸೇರಿದಾಗ ಮೂಲ ವೇತನ 23,700 ಇತ್ತು. 2020ರ ನವೆಂಬರಿನ ಒಪ್ಪಂದದಲ್ಲಿ ಅದು 36,000 ಆಯಿತು, ಈಗ ಸೇರುವವರಿಗೆ 48,480. ಅಪ್ಪನಿಗೆ ಈ ಅಂಕಿಗಳು ಬಾಯಿಪಾಠ. ಪೇಟೆಯಲ್ಲಿ ಯಾರು ಕೇಳಿದರೂ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ.

ಗದಗದ ಅಕ್ಕ ಅದಕ್ಕೂ ಹಿಂದಿನ ಸುತ್ತಿನಲ್ಲಿ ಇಂಟರ್‌ವ್ಯೂ ತನಕ ಹೋಗಿ ಬಂದಿದ್ದಳು. ಕೊನೆಯ ಪಟ್ಟಿಯಲ್ಲಿ ಒಂದು ಮಾರ್ಕಿಗೂ ಕಡಿಮೆ ಅಂತರದಲ್ಲಿ ಹೊರಗುಳಿದಳು. 2019ರ ಪ್ರಿಲಿಮ್ಸ್ ನನಗಿಂತ ಚೆನ್ನಾಗಿ ಮಾಡಿದ್ದಳು. ಮೇನ್ಸ್‌ಗೆ ಹದಿನೈದು ದಿನ ಇರುವಾಗ ಊರಿನಿಂದ ಮಾವ ಬಂದು ಕರೆದುಕೊಂಡು ಹೋದರು. ತಂಗಿ ಬೆಳೆದು ನಿಂತಿದ್ದಾಳೆ, ದೊಡ್ಡವಳದು ಆಗದೆ ಚಿಕ್ಕವಳದು ಮಾಡೋಕೆ ಬರಲ್ಲ, ಗಂಡಿನ ಕಡೆಯವರು ಡಿಸೆಂಬರಿನಲ್ಲೇ ಬೇಕು ಅಂತಿದ್ದಾರೆ. ಯಾರೂ ಬೈಯಲಿಲ್ಲ, ಜಗಳ ಆಗಲಿಲ್ಲ. "ಎಷ್ಟು ವರ್ಷಂತ ಕಾಯೂದು ಹೇಳವಾ" ಅಂತ ಆ ಮಾವ ನಮ್ಮನ್ನೇ ಕೇಳಿದರು. ಅವರು ಕೆಟ್ಟವರಲ್ಲ. ಅವರ ಮನೆಯಲ್ಲಿ ದುಡಿಯುವ ಅಣ್ಣ ಇರಲಿಲ್ಲ, ಅಷ್ಟೇ. ನನಗಿದ್ದ.

ಐಬಿಪಿಎಸ್ ಪ್ರಕಟಿಸುವ ಅಂಕಿಗಳಲ್ಲಿ ಕಟ್‌ಆಫ್ ಇರುತ್ತದೆ, ಕೆಟಗರಿ ಇರುತ್ತದೆ, ದಶಮಾಂಶ ಬಿಂದು ಇರುತ್ತದೆ. ಹಾಲ್ ಟಿಕೆಟ್ ಬಂದೂ ಸೆಂಟರಿಗೆ ಬರದೆ ಹೋದವರು ಯಾಕೆ ಬರಲಿಲ್ಲ ಅನ್ನೋದಕ್ಕೆ ಅಲ್ಲಿ ಕಾಲಂ ಇಲ್ಲ. ಪರೀಕ್ಷೆ ಪ್ರಾಮಾಣಿಕವಾಗಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಆರಿಸುವುದು ಈಗಾಗಲೇ ಒಂದು ಸಲ ಸೋಸಿ ಉಳಿದವರನ್ನು. ಯಾರ ಮನೆಯಲ್ಲಿ ಎರಡು ಮೂರು ವರ್ಷ ಒಬ್ಬರು ದುಡಿಯದೆ ಕೂತು ಓದಬಹುದೋ ಅವರನ್ನು. ಅದಕ್ಕೇ ನಾನು ಸಿಲಬಸ್‌ಗಿಂತ ಮುಂಚೆ ಆ ಪ್ರಶ್ನೆ ಕೇಳೋದು. ಒಂದೇ ವರ್ಷ ಅಂದರೆ ಪಿ.ಒ. ಜೊತೆಗೆ ಕ್ಲರ್ಕ್ ಮತ್ತು ಗ್ರಾಮೀಣ ಬ್ಯಾಂಕನ್ನು ತಪ್ಪದೆ ಹಾಕು ಅನ್ನುತ್ತೇನೆ. ಎರಡು ವರ್ಷ ಅಂದರೆ ಮೊದಲ ಆರು ತಿಂಗಳು ಬರೀ ಇಂಗ್ಲಿಷ್ ಮತ್ತು ಟೈಪಿಂಗ್. ಮನೆಯಲ್ಲಿ ಇನ್ನೂ ಕೇಳಿಲ್ಲ ಅಂದರೆ ಕೇಳು, ಒಂದು ತಾರೀಖು ಬಾಯಿಬಿಟ್ಟು ಹೇಳಿಸಿಕೋ ಅನ್ನುತ್ತೇನೆ.

ಹೋದ ವರ್ಷ ಗದಗದ ಅಕ್ಕನ ಫೋನ್ ಬಂತು. ಮಗಳು ಅಂಗನವಾಡಿಗೆ ಹೋಗುತ್ತಾಳಂತೆ. ಗಂಡನದು ಸಣ್ಣ ಗೊಬ್ಬರದ ಅಂಗಡಿ, ಅದರ ಲೆಕ್ಕ ಇವಳೇ ಬರೆಯುವುದು. ಗ್ರಾಮೀಣ ಬ್ಯಾಂಕಿನ ಆಫೀಸರ್ ಪರೀಕ್ಷೆ ಬರೆಯುತ್ತೇನೆ, ಕನ್ನಡದಲ್ಲಿ ಐತಲ್ಲ ಅಂದಳು. ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿ ಇಡೀ ರಾಜ್ಯಕ್ಕೆ ಒಂದೇ ಆಗಿದೆ, ಹೆಡ್ ಆಫೀಸ್ ಬಳ್ಳಾರಿ, ಅದೆಲ್ಲ ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಬಿಸಿಗೆ 33ರ ತನಕ ಅವಕಾಶ, ಆಕೆಗೆ ಸ್ವಲ್ಪವೇ ಉಳಿದಿದೆ. ಕೆನೆಪದರಕ್ಕೆ ಗಂಡನ ಆದಾಯ ಹಿಡಿಯುತ್ತಾರಾ, ಅಪ್ಪನದಾ ಅಂತ ಕೇಳಿದಳು. ಅಪ್ಪ ಅವ್ವನದೇ ಹಿಡಿಯೋದು ಅಂದೆ. ಸರಿ, ಹಾಗಾದರೆ ಸೋಮವಾರ ತವರಿಗೆ ಹೋಗಿ ಕಾಗದ ಮಾಡಿಸ್ತೀನಿ, ನೀನು ಹೊಸ ಪ್ಯಾಟರ್ನಿನ ಡಿ.ಐ. ಸೆಟ್ ಕಳಿಸು ಅಂದಳು.

ಅವತ್ತು ರಾತ್ರಿಯೇ ಕಳಿಸಿದೆ. ಮರುದಿನ ಮಧ್ಯಾಹ್ನ ವಾಟ್ಸ್‌ಆ್ಯಪ್‌ನಲ್ಲಿ ಉತ್ತರ ಬಂದಿತ್ತು. ಮೂರನೇ ಸೆಟ್‌ನ ನಾಲ್ಕನೇ ಪ್ರಶ್ನೆಗೆ ಕೊಟ್ಟಿರುವ ಉತ್ತರ ತಪ್ಪು ಐತಿ, ನೋಡು.